ಮೂವತ್ತೆರಡನೆಯ ದಿನ

ಹಂಪನಕಟ್ಟೆಯಲ್ಲಿ ಬಸ್ಸು ಬದಲಾಯಿಸುವಾಗ ತಾನು ಕಳ್ಳಿಯ ಹಾಗೆ ಆಚೀಚೆ ನೋಡುತ್ತಿದ್ದೇನೆ ಅನ್ನಿಸಿ ಅಪೇಕ್ಷಾಳಿಗೆ ನಾಚಿಕೆಯಾಯಿತು. ಹಗಲು ಹನ್ನೊಂದು ಗಂಟೆಗೆ ಸುರತ್ಕಲ್ ಬಸ್ಸು ಹತ್ತುವುದರಲ್ಲಿ ಕದ್ದುಮುಚ್ಚುವಂಥದ್ದು ಏನಿದೆ? ಆದರೆ ಪಪ್ಪನ ಹೋಟೆಲು ಅಲ್ಲೇ ತಿರುವಿನಲ್ಲಿ. ಕ್ಯಾಶಿನಲ್ಲಿ ಕೂತವರು ಯಾರಾದರೂ ಕಂಡರೆ ಮಧ್ಯಾಹ್ನದ ಊಟದೊಳಗೆ ಸುದ್ದಿ ಕುಲಶೇಖರದ ಮನೆಗೆ ಮುಟ್ಟಿಬಿಡುತ್ತದೆ. ಮನೆಯಲ್ಲಿ ಅವಳು ಹೇಳಿದ್ದು ಜೆರಾಕ್ಸ್ ತೆಗೆಸಿಕೊಂಡು ಬರುತ್ತೇನೆ ಎಂದು. ಅದೇನೂ ಸುಳ್ಳಲ್ಲ. ಚೀಲದೊಳಗೆ ಎರಡು ಪ್ರತಿ ಇತ್ತು, ತಾನೇ ಕೂತು ಕನ್ನಡಕ್ಕೆ ಇಳಿಸಿದ ಒಪ್ಪಿಗೆ ಪತ್ರ. 'ಈ ಸಂಶೋಧನೆಯ ಉದ್ದೇಶವನ್ನು ನನಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಲಾಗಿದೆ.' ಅದರ ಕೆಳಗೆ ಒಂದು ಗೆರೆ. ಆ ಗೆರೆಯ ಮೇಲೆ, ಹಿಂದೆ ಮನೆಗೆ ಕೆಲಸಕ್ಕೆ ಬರುತ್ತಿದ್ದ ಅಮ್ಮಣಿಯ ಸಹಿ ಬೀಳಬೇಕು, ಇಲ್ಲವೆ ಹೆಬ್ಬೆಟ್ಟು. ಅಷ್ಟಾದರೆ ಅಪೇಕ್ಷಾಳ ಓದಿನ ಪೇಪರು ಪೂರ್ತಿಯಾಯಿತು. ಹೊರಡುವಾಗ ಅಮ್ಮ ಅಡುಗೆಮನೆಯಿಂದಲೇ ಕೂಗಿದ್ದಳು: "ಕತ್ತಲಾಗುವ ಮೊದಲು ಬಾ ಮಾರಾಯ್ತಿ, ಇವತ್ತು ಬಡಿಸ್ಲಿಕ್ಕೆ ಉಂಟು." ಆಟಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಮನೆಯ ಸತ್ತವರಿಗೆಲ್ಲ ಎಲೆ ಹಾಕಿ ಬಡಿಸುವ ದಿನ. ಅಜ್ಜನಿಗೊಂದು, ಅಜ್ಜಿಗೊಂದು, ಬದಿಯಲ್ಲಿ ಒಂದು ಅಂಗೈಯಗಲದ ತುಂಡು ಎಲೆ. ಆ ತುಂಡು ಎಲೆಯವನ ವಿಷಯವಾಗಿಯೇ ಅವಳು ಈಗ ಹೊರಟದ್ದು.

ಅವಳು ಓದುತ್ತಿದ್ದ ವಿಷಯಕ್ಕೆ ಆರೋಗ್ಯ ವಿಜ್ಞಾನ ಮತ್ತು ಸಮಾಜ ಎಂದು ಹೆಸರು. ಕೇಳಿದವರಿಗೆಲ್ಲ ಪಪ್ಪ, "ಡಾಕ್ಟರಿನ ಹಾಗೆಯೇ, ಆದರೆ ಮದ್ದು ಕೊಡ್ಲಿಕ್ಕಿಲ್ಲ" ಎಂದು ಹೇಳಿ ತಾವೇ ನಕ್ಕು ಮುಗಿಸುತ್ತಿದ್ದರು. ನೆದರ್ಲ್ಯಾಂಡ್ಸಿನ ಆ ಊರಿನಲ್ಲಿ ಮಂಗಳೂರಿನವಳು ಅವಳೊಬ್ಬಳೇ. ಮೊದಲ ಮೂರು ತಿಂಗಳು ಅವಳು ತರಗತಿಯಲ್ಲಿ ಬಾಯಿ ಬಿಟ್ಟರೆ ಸಾಕು, ಎಲ್ಲರೂ ಕತ್ತು ಓರೆಮಾಡಿ ಬಹಳ ತಾಳ್ಮೆಯಿಂದ ಕೇಳುತ್ತಿದ್ದರು. ಆ ತಾಳ್ಮೆ ಕೆನ್ನೆಗೆ ಹೊಡೆದ ಹಾಗಾಗುತ್ತಿತ್ತು. ಆಮೇಲೆ ಬಂತು ವರ್ಬಲ್ ಅಟಾಪ್ಸಿಯ ಪಾಠ. ಆಸ್ಪತ್ರೆಯ ಕಾಗದಪತ್ರ ಯಾವುದೂ ಉಳಿಯದ ಸಾವಿಗೆ ಕಾರಣ ಹುಡುಕುವ ಕ್ರಮ ಅದು. ಹೆಣ ಕೊಯ್ಯುವ ಬದಲು ಉಳಿದವರನ್ನು ಕೂರಿಸಿಕೊಂಡು ಕೇಳುವುದು: ಜ್ವರ ಇತ್ತೆ, ಎಷ್ಟು ದಿನ, ಉಸಿರಾಡುವಾಗ ಪಕ್ಕೆ ಒಳಗೆ ಎಳೆಯುತ್ತಿತ್ತೆ, ಮೊದಲು ಕಂಡವರು ಯಾರು. ಪುಟಗಟ್ಟಲೆ ಪ್ರಶ್ನೆ, ಪ್ರತಿ ಪ್ರಶ್ನೆಗೂ ಒಂದು ಚೌಕ. ಅಭ್ಯಾಸಕ್ಕೆಂದು ನಿಮ್ಮ ನಿಮ್ಮ ಮನೆಯ ಒಂದು ಸಾವನ್ನು ಆರಿಸಿಕೊಳ್ಳಿ ಎಂದು ಪ್ರೊಫೆಸರ್ ಹೇಳಿದಾಗ ಉಳಿದವರು ಅಜ್ಜ ಅಜ್ಜಿಯರನ್ನು ಯೋಚಿಸುತ್ತ ಕೂತಿದ್ದರು. ಅವಳಿಗೆ ಯೋಚಿಸುವುದೇ ಬೇಕಾಗಲಿಲ್ಲ. ತನಗೆ ಐದು ವರ್ಷವಾಗಿದ್ದಾಗ ಹುಟ್ಟಿದ ತಮ್ಮ. ಅಕ್ಷಿತ್ ಎಂದು ಹೆಸರು ಗೊತ್ತುಮಾಡಿದ್ದರಂತೆ, ಕಿವಿಯಲ್ಲಿ ಕೂಗಲು ಪುರುಸೊತ್ತಾಗಲಿಲ್ಲ. ತನ್ನ ಹತ್ತಿರ ಒಳ್ಳೆಯದೊಂದು ಸಾವು ಉಂಟು ಎಂದು ಆ ಗಳಿಗೆಯಲ್ಲಿ ಅವಳಿಗೆ ಖುಷಿಯೇ ಆಗಿತ್ತು. ಆ ಖುಷಿ ನೆನಪಾದರೆ ಈಗಲೂ ಬಸ್ಸಿನಲ್ಲಿ ಕೂತಲ್ಲೇ ಮೈ ಹಿಡಿಯಾಗುತ್ತದೆ.

ಮಾರ್ಚಿನಲ್ಲಿ ಅಮ್ಮನಿಗೆ ಫೋನು ಮಾಡಿ ಕೇಳಿದ್ದಳು. ಆಚೆ ಕುಕ್ಕರು ಕೂಗುತ್ತಿತ್ತು. ಅಮ್ಮ ರತ್ನಾವತಿ ಸಾಮಾನ್ಯದಲ್ಲಿ ಒಂದು ಕೇಳಿದರೆ ಹತ್ತು ಹೇಳುವವಳು, ಅವತ್ತು ಕೇಳಿದ್ದಕ್ಕೆ ಮಾತ್ರ ಹೇಳಿದಳು. ಕಾಯಿಲೆ ಬಿದ್ದದ್ದು ಹುಟ್ಟಿ ಎಷ್ಟನೆಯ ದಿನ? ಮೂವತ್ತೆರಡು. ಎದೆಹಾಲು ಬಿಟ್ಟು ಬೇರೆ ಏನಾದರೂ ಕುಡಿಸಿದ್ದುಂಟೆ? ಇಲ್ಲ, ಒಂದು ತೊಟ್ಟು ನೀರು ಸಹ ಇಲ್ಲ. ಶುರುವಾದದ್ದು ಎಷ್ಟು ಹೊತ್ತಿಗೆ? ಸಂಜೆ ನಾಲ್ಕಕ್ಕೆ, ಒಮ್ಮೆಲೇ, ನನಗೆ ಸ್ವಲ್ಪ ಕಣ್ಣು ಹತ್ತಿತ್ತು. ಮೂಗಿಗೆ ಎಣ್ಣೆ ಬಿಡುತ್ತಿದ್ದರೆ? ಬಿಡ್ತಿದ್ರು, ಆಗ ಎಲ್ಲ ಮನೆಯಲ್ಲೂ ಇತ್ತು. ಯಾರು ಬಿಟ್ಟದ್ದು? ಕುಕ್ಕರು ಇನ್ನೊಂದು ಸಲ ಕೂಗುವವರೆಗೆ ಅಮ್ಮ ಸುಮ್ಮನಿದ್ದಳು. ಆಮೇಲೆ, "ಎಲ್ಲರಿಗೂ ಗೊತ್ತುಂಟಲ್ಲ ಅದು," ಎಂದಳು. ಗೊತ್ತಿದ್ದದ್ದು ಹೌದು. ಬಾಣಂತಿ ಮೀಯಿಸಲು ಬರುತ್ತಿದ್ದ ಅಮ್ಮಣಿ, ಮಗುವಿನ ಮೂಗಿಗೆ ಎಣ್ಣೆ ಹೆಚ್ಚು ಬಿಟ್ಟಳು, ಅದು ಶ್ವಾಸಕೋಶಕ್ಕೆ ಇಳಿಯಿತು, ಮೂರನೆಯ ದಿನಕ್ಕೆ ಮಗು ಹೋಯಿತು. ಅಜ್ಜಿ ಸಾಯುವವರೆಗೂ ಅಮ್ಮಣಿಯನ್ನು ಶಪಿಸುತ್ತಿದ್ದಳು. ಹೋಗುವಾಗ ಬೆಳ್ಳಿಯ ಬಟ್ಟಲನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದ ಕಳ್ಳಿ ಎಂದು ಅದಕ್ಕೊಂದು ಬಾಲ ಸೇರಿಸುತ್ತಿದ್ದಳು. ಅಪೇಕ್ಷಾ ಚೌಕದಲ್ಲಿ ಗುರುತು ಹಾಕಿದಳು.

ಪೇಪರಿಗೆ 'ಒಂದು ಹನಿ' ಎಂದು ಹೆಸರಿಟ್ಟಳು. ಶುರುಮಾಡಿದ್ದು ತನ್ನ ನೆನಪಿನಿಂದಲೇ. ತಮ್ಮನ ಬಗ್ಗೆ ಅವಳಿಗಿದ್ದ ನೆನಪು ಅದೊಂದೇ: ಬಾಣಂತಿ ಕೋಣೆಯ ಅರೆಗತ್ತಲು, ಮಂಚದಲ್ಲಿ ಮಲಗಿದ ಅಮ್ಮ, ಚಾಪೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಮಗು, ತನ್ನ ಕೈಯಲ್ಲಿ ಮೂತಿಯಿರುವ ಬೆಳ್ಳಿಯ ಪುಟ್ಟ ಬಟ್ಟಲು. ತಾನು ಬಗ್ಗಿ ಅವನಿಗೆ ಹಾಲು ಕುಡಿಸುತ್ತಿದ್ದೇನೆ. ಬಟ್ಟಲು ಬೆಚ್ಚಗಿದೆ. ಅವನು ಸೀನುತ್ತಾನೆ, ತಾನು ನಗುತ್ತೇನೆ. ಇದನ್ನು ಓದಿದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಕಣ್ಣೊರೆಸಿಕೊಂಡಳು. ಆಮೇಲೆ ಎ ಎಂಬ ಅಕ್ಷರದಿಂದ ಕರೆಯಲಾದ ಬಾಣಂತಿ ಮೀಯಿಸುವ ಹೆಂಗಸಿನ ಬಗ್ಗೆ, ಅವಳ ಅಜ್ಞಾನದ ಬಗ್ಗೆ, ಅವಳನ್ನೂ ಒಬ್ಬ ಬಲಿಪಶುವೆಂದೇ ನೋಡಬೇಕಾದ ಅಗತ್ಯದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದಳು. ಆ ಇಪ್ಪತ್ತು ನಿಮಿಷ ಯಾರೂ ಕತ್ತು ಓರೆಮಾಡಲಿಲ್ಲ. ಪ್ರೊಫೆಸರ್ ಭುಜದ ಮೇಲೆ ಕೈಯಿಟ್ಟು, ಇದನ್ನು ಪ್ರಕಟಿಸಬೇಕು, ಆದರೆ ಆ ಹೆಂಗಸನ್ನೂ ಮಾತಾಡಿಸಬೇಕು, ಅವಳ ಒಪ್ಪಿಗೆ ಬೇಕು, ಅದು ನಿಯಮ ಎಂದರು. ನಿಯಮ ಎಂದರೆ ನಿಯಮ. ರಜೆಗೆ ಊರಿಗೆ ಬಂದು ಅಮ್ಮನನ್ನು ಕೇಳಿದರೆ, "ಎಲ್ಲಿದ್ದಾಳೋ, ಬದುಕಿದ್ದಾಳೋ ಇಲ್ವೋ, ನಿನಗೆಂತಕ್ಕೆ ಈಗ ಅದೆಲ್ಲ?" ಎಂದು ಅಕ್ಕಿ ತೊಳೆಯಲು ಹೋದಳು. ಕೊನೆಗೆ ಕುಲಶೇಖರದ ಮಾರ್ಗದ ಬದಿಯಲ್ಲಿ ಹೂವು ಮಾರುವ ಜೊಕಿಮ್ ಹೇಳಿದ. ಬೈಕಂಪಾಡಿಯಲ್ಲಿ, ಗೇರುಬೀಜದ ಕಾರ್ಖಾನೆಯ ಹಿಂದೆ, ಮಗಳ ಮನೆಯಲ್ಲಿದ್ದಾಳೆ ಎಂದ. "ನಿಮ್ಮ ಅಮ್ಮನಿಗೆ ಗೊತ್ತುಂಟಲ್ಲ, ಅವರನ್ನೇ ಕೇಳ್ಬಹುದಿತ್ತು," ಎಂದೂ ಅಂದ. ಹೂವಿನವನಿಗೆ ಯಾರನ್ನೋ ಕಂಡು ಯಾರೋ ಅನ್ನಿಸಿರಬೇಕು ಎಂದುಕೊಂಡು ಅವಳು ಅದನ್ನು ಅಲ್ಲಿಗೇ ಬಿಟ್ಟಿದ್ದಳು.

ಬೈಕಂಪಾಡಿಯಲ್ಲಿ ಇಳಿದರೆ ಲಾರಿ, ಲಾರಿ, ಗೋದಾಮು, ಮತ್ತೆ ಲಾರಿ. ಗೇರುಬೀಜ ಹುರಿಯುವ ವಾಸನೆ ಮೂಗಿಗೆ ಅಡರಿ ತಲೆನೋವು ಬಂತು. ಕಾರ್ಖಾನೆಯ ಕಂಪೌಂಡಿನ ಹಿಂದೆ ಒಂದೇ ಮಾಡಿನಡಿ ಸಾಲಾಗಿ ಆರು ಮನೆ. ಮೂರನೆಯ ಮನೆಯ ಮುಂದೆ ಹಗ್ಗದಲ್ಲಿ ಒಂದು ಸೀರೆ ಒಣಗುತ್ತಿತ್ತು. ಎಲೆಹಸಿರು ಮೈ, ಮಾವಿನಕಾಯಿ ಅಂಚು. ಅಪೇಕ್ಷಾ ಅಲ್ಲೇ ನಿಂತಳು. ಆ ಸೀರೆಯ ಸೆರಗಿನಲ್ಲಿ, ಕೊನೆಯ ಮಾವಿನಕಾಯಿಯ ಪಕ್ಕದಲ್ಲಿ, ಇಸ್ತ್ರಿಪೆಟ್ಟಿಗೆಯ ಮೂತಿಯಾಕಾರದ ಒಂದು ಕಂದು ಕಲೆ ಇರಬೇಕು. ಪಿಯುಸಿಯಲ್ಲಿದ್ದಾಗ ತಾನೇ ಸುಟ್ಟದ್ದು. ಹತ್ತಿರ ಹೋಗಿ ನೋಡಿದಳು. ಇತ್ತು. ಅಮ್ಮ ಆ ಸೀರೆಯನ್ನು ಯಾವುದೋ ಆಶ್ರಮಕ್ಕೆ ಕೊಟ್ಟೆ ಎಂದಿದ್ದಳು. ಸೆರಗು ಕೈಯಲ್ಲಿ ಹಿಡಿದು ಮತ್ತೊಮ್ಮೆ ನೋಡಿದಳು.

"ಯಾರು ಅದು, ಸೀರೆ ಮುಟ್ಟುವುದು?" ಎಂದು ಒಳಗಿನಿಂದ ಬಂದ ಮುದುಕಿ ಅವಳನ್ನು ಕಂಡದ್ದೇ ಬಾಗಿಲ ದಾರಂದ ಹಿಡಿದು ನಿಂತುಬಿಟ್ಟಳು. ಎಷ್ಟು ಸಣ್ಣಗಿದ್ದಳು! ಅಜ್ಜಿಯ ಶಾಪದಲ್ಲಿ ಅಮ್ಮಣಿ ಯಾವಾಗಲೂ ದೊಡ್ಡ ಕೈಯ, ದೊಡ್ಡ ಬಾಯಿಯ ಹೆಂಗಸು. "ರತ್ನಕ್ಕನ ಮಗಳಲ್ವಾ ನೀನು? ಅದೇ ಹಣೆ. ಬಲೆ, ಬಲೆ ಮಗಾ, ಒಳಗೆ ಬಾ. ಅಮ್ಮನಿಗೆ ಹುಷಾರುಂಟಲ್ಲ? ಈ ವರ್ಷ ಆಟಿಗೆ ಅವರು ಬರ್ಲಿಲ್ಲ, ಅದಕ್ಕೆ ನನಗೆ ಹೆದರಿಕೆ."

"ಅಮ್ಮ ಇಲ್ಲಿಗೆ ಬರ್ತಾರಾ?" ಎಂದು ಕೇಳಿದಳು ಅಪೇಕ್ಷಾ. ತನ್ನ ಸ್ವರ ತನಗೇ ಯಾರದೋ ಅನ್ನಿಸಿತು.

ಅಮ್ಮಣಿ ಒಂದು ಕ್ಷಣ ಅವಳ ಮುಖ ನೋಡಿದಳು. "ಯಾವಾಗಾದರೂ ಒಮ್ಮೆ, ಈ ಕಡೆ ಬಂದ್ರೆ," ಎಂದು ಮಾತು ತೇಲಿಸಿ, ಬೆಲ್ಲ ನೀರು ತರಲು ಒಳಗೆ ಹೋದಳು.

ಅಮ್ಮ ಬರುತ್ತಾಳೆ. ಇಪ್ಪತ್ತು ವರ್ಷದಿಂದ ಪ್ರತಿ ಆಟಿಯಲ್ಲಿ ಹಂಪನಕಟ್ಟೆಯಲ್ಲಿ ಬಸ್ಸು ಬದಲಾಯಿಸಿ, ಹೋಟೆಲಿನವರ ಕಣ್ಣು ತಪ್ಪಿಸಿ, ಸೀರೆಯ ಕಟ್ಟು ಹಿಡಿದುಕೊಂಡು ತನ್ನ ಮಗುವನ್ನು ಕೊಂದವಳ ಮನೆಗೆ ಬರುತ್ತಾಳೆ. ಏನಿದು? ಕ್ಷಮೆಯೆ? ಪೇಪರಿನಲ್ಲಿ ಇದಕ್ಕೊಂದು ಒಳ್ಳೆಯ ಪ್ಯಾರಾ ಬರೆಯಬಹುದು ಎಂಬ ಯೋಚನೆ ಬಂದೇ ಬಂತು. ನಾಚಿಕೆಗೆಟ್ಟ ಯೋಚನೆ, ನೊಣದ ಹಾಗೆ, ಓಡಿಸಿದರೂ ಅಲ್ಲೇ ಬಂದು ಕೂತಿತು. ಅವಳು ಫೈಲು ತೆಗೆದು ಮಡಿಲಲ್ಲಿಟ್ಟುಕೊಂಡಳು. ಗೋಡೆಯಲ್ಲಿ ಒಂದು ಕ್ಯಾಲೆಂಡರು, ಮೂಲೆಯಲ್ಲಿ ಮಡಚಿಟ್ಟ ಚಾಪೆ, ಗಡಿಯಾರ. ಅಮ್ಮಣಿ ಲೋಟ ಕೊಡುವಾಗ ಅವಳ ಬೆರಳು ಕಂಡವು. ತುದಿಗಳೆಲ್ಲ ಕಪ್ಪಾಗಿ, ಸುಟ್ಟು ಸಿಪ್ಪೆ ಎದ್ದ ಹಾಗೆ.

"ಇದಾ? ಬೀಜದ ಸೊನೆ. ಹದಿನೆಂಟು ವರ್ಷ ಒಡೆದೆ ಅಲ್ವಾ ಇಲ್ಲಿ. ಮೊದಲೆಲ್ಲ ಈ ಬೆರಳು ಹೇಗಿತ್ತು ಗೊತ್ತುಂಟಾ ನಿನಗೆ? ಎಣ್ಣೆಯಲ್ಲಿಯೇ ಇರ್ತಿದ್ದದ್ದು. ಹನ್ನೊಂದು ಮನೆಗೆ ಹೋಗ್ತಿದ್ದೆ. ನಿನ್ನನ್ನೂ ಮೀಯಿಸಿದ್ದು ನಾನೇ ಮಗಾ, ಈ ಕಾಲಿನ ಮೇಲೆ ಹಾಕಿಕೊಂಡು. ಎಂತ ಕಿರುಚುವುದು ನೀನು, ಮಾರ್ಗಕ್ಕೆ ಕೇಳ್ತಿತ್ತು." ಅಮ್ಮಣಿ ನಕ್ಕಳು. ಹಲ್ಲಿಲ್ಲದ ಬಾಯಿ, ಒಂದಿಷ್ಟೂ ಕಹಿಯಿಲ್ಲದ ನಗು. ಅಪೇಕ್ಷಾ ನಗಲು ನೋಡಿದಳು, ಆಗಲಿಲ್ಲ. ಇಪ್ಪತ್ತು ನಿಮಿಷದ ಭಾಷಣದಲ್ಲಿ ಎ ಎಂಬವಳಿಗೆ ಬೆರಳೇ ಇರಲಿಲ್ಲ.

ಅವಳು ಬಂದ ಕಾರಣ ಹೇಳಿದಳು. ದೂರದ ಊರಿನ ಕಾಲೇಜು, ಮಕ್ಕಳು ಯಾಕೆ ಸಾಯುತ್ತವೆ ಎಂದು ಕಲಿಯುವ ಓದು, ಯಾರನ್ನೂ ಬಯ್ಯಲಿಕ್ಕಲ್ಲ, ಇನ್ನೊಬ್ಬರ ಮನೆಯಲ್ಲಿ ಹೀಗಾಗಬಾರದು ಎಂದು. ಅಮ್ಮಣಿ ತಲೆಯಾಡಿಸುತ್ತ ಕೇಳಿದಳು. ಕೇಳಿ ಮುಗಿದ ಮೇಲೆ, "ಬರೆಯುವುದಾ? ಬರಿ. ನಾನು ಹಾಕಿದ್ದು. ಎಣ್ಣೆ ಹೆಚ್ಚಾಯಿತು. ಅಷ್ಟೇ ಅಲ್ವಾ?" ಎಂದು ಮುಸುರೆ ಪಾತ್ರೆಯ ಲೆಕ್ಕ ಒಪ್ಪಿಸಿದ ಹಾಗೆ ಹೇಳಿದಳು.

ಅಷ್ಟಕ್ಕೇ ಬಿಟ್ಟು ಸಹಿ ಹಾಕಿಸಿಕೊಂಡು ಎದ್ದಿದ್ದರೆ ಒಂದೂವರೆಯ ಬಸ್ಸು ಸಿಗುತ್ತಿತ್ತು. ಆದರೆ ಕಲಿತ ಹುಡುಗಿ. ಚೌಕಗಳನ್ನು ತುಂಬದೆ ಬಿಡುವುದುಂಟೆ? ಒಂದೊಂದಾಗಿ ಕೇಳಿದಳು. ಎಣ್ಣೆ ಯಾವುದು? ತೆಂಗಿನೆಣ್ಣೆ, ಬೆಚ್ಚಗೆ ಮಾಡಿ. ಎಷ್ಟು ಹನಿ? ಬೆರಳ ತುದಿಯಲ್ಲಿ ಒಂದು ತೊಟ್ಟು, ಅಷ್ಟೇ. ಎಣ್ಣೆ ಯಾವುದರಲ್ಲಿ ಇಡುತ್ತಿದ್ದಿರಿ? ಅಮ್ಮಣಿಯ ಮುಖ ಅರಳಿತು. "ಉಳಿದ ಮನೆಯಲ್ಲೆಲ್ಲ ಗೆರಟೆಯಲ್ಲಿ. ನಿಮ್ಮಲ್ಲಿ ಮಾತ್ರ ಬೆಳ್ಳಿ ಬಟ್ಟಲು! ಗಂಡು ಮಗು ಹುಟ್ಟಿತು ಅಂತ ನಿನ್ನ ಅಜ್ಜಿ ಪೆಟ್ಟಿಗೆಯಿಂದ ತೆಗೆದು ಕೊಟ್ಟದ್ದು, ಮೂತಿ ಇದ್ದದ್ದು. ನೆತ್ತಿಗೆ ಎಣ್ಣೆ ಬಿಡ್ಲಿಕ್ಕೆ ಎಷ್ಟು ಸಸಾರ ಗೊತ್ತುಂಟಾ. ನೀನು ಮಣೆ ಹಾಕಿಕೊಂಡು ಹತ್ತಿರವೇ ಕೂತುಕೊಂಡು, ನಂಗೂ ಕೊಡು, ನಂಗೂ ಕೊಡು ಅಂತ..." ಅಲ್ಲಿಗೆ ಅವಳು ಒಮ್ಮೆಲೇ ಬಾಯಿ ಮುಚ್ಚಿದಳು. ಲೋಟ ತೆಗೆದುಕೊಂಡು ಎದ್ದಳು, ಮತ್ತೆ ಕೂತಳು.

ಅಪೇಕ್ಷಾ ಬರೆಯುತ್ತಿದ್ದಳು, ಅದನ್ನು ಗಮನಿಸಲಿಲ್ಲ. "ಕಾಯಿಲೆ ಬೀಳುವ ಮೊದಲು ಕೊನೆಯ ಸಲ ಮೀಯಿಸಿದ್ದು ಯಾವಾಗ?" ಎಂದು ಕೇಳಿದಳು.

"ಹಿಂದಿನ ದಿನ ಬೆಳಿಗ್ಗೆ."

"ಹಿಂದಿನ ದಿನವಾ? ಆ ದಿನ?"

"ಆ ದಿನ ನಮ್ಮ ಅಣ್ಣನ ಬೊಜ್ಜ ಅಲ್ವಾ, ತೀರಿಕೊಂಡ ಹದಿಮೂರನೆಯ ದಿನ. ನಾನು ಬರ್ಲಿಕ್ಕೇ ಇಲ್ಲ. ಊಟ ಮುಗಿಸಿ ಸಂಜೆ ಐದಕ್ಕೆ ಓಡಿಕೊಂಡು ಬಂದದ್ದು," ಎಂದವಳು ತಡವರಿಸಿ, "ಇಲ್ಲ, ಬೆಳಿಗ್ಗೆ ಬಂದಿದ್ದೆನೋ ಏನೋ. ಇಪ್ಪತ್ತು ವರ್ಷ ಆಯಿತು, ಯಾರಿಗೆ ನೆನಪುಂಟು. ನಾನೇ ಹಾಕಿದ್ದು ಅಂತ ಹೇಳಿದೆನಲ್ಲ ಮಗಾ, ಬರೆದು ಮುಗಿಸು," ಎಂದಳು.

ಪೆನ್ನು ನಿಂತಿತು. ಹಿಂದಿನ ದಿನ ಬೆಳಿಗ್ಗೆ ಬಿಟ್ಟ ಒಂದು ತೊಟ್ಟು ಎಣ್ಣೆಗೆ ಮರುದಿನ ಸಂಜೆ ನಾಲ್ಕಕ್ಕೆ ಒಮ್ಮೆಲೇ ಉಸಿರು ಕಟ್ಟುವುದಿಲ್ಲ. ಇದು ಪರೀಕ್ಷೆಗೆ ಓದಿದ ವಿಷಯ. ಹಾಗಾದರೆ ಆ ದಿನ ನಾಲ್ಕು ಗಂಟೆಗೆ, ಅಮ್ಮಣಿ ಇಲ್ಲದ ಮನೆಯಲ್ಲಿ, ಬೇರೆ ಯಾರೋ ಎಣ್ಣೆ ಬಿಟ್ಟಿದ್ದಾರೆ, ತುಂಬ ಬಿಟ್ಟಿದ್ದಾರೆ. ಅಜ್ಜಿ! ಅದಕ್ಕೇ ಅಷ್ಟು ಶಾಪ. ಅಥವಾ ಅಮ್ಮ? ಅದಕ್ಕೇ ಈ ಸೀರೆ, ಈ ಕದ್ದು ಬರುವುದು, ಫೋನಿನಲ್ಲಿ ಆ ಮೌನ. ತಾನು ಒಬ್ಬ ಬಡವಿಯನ್ನು ಪರದೇಶದಲ್ಲಿ ಮೂವತ್ತು ಜನರೆದುರು ಕೊಲೆಗಾತಿ ಮಾಡಿ ಚಪ್ಪಾಳೆ ತಟ್ಟಿಸಿಕೊಂಡದ್ದು ಅಮ್ಮನನ್ನು ಮುಚ್ಚಿಡಲಿಕ್ಕೆ! ಅವಳಿಗೆ ಸಿಟ್ಟು ಬಂತು, ಅಮ್ಮನ ಮೇಲೆ, ಈ ಮುದುಕಿಯ ಮೇಲೆ, ಇಪ್ಪತ್ತು ವರ್ಷ ಬಾಯಿ ಹೊಲಿದುಕೊಂಡು ಕೂತ ಎಲ್ಲರ ಮೇಲೆ.

"ನನಗೆ ಎಲ್ಲ ಗೊತ್ತಾಗ್ತದೆ ಅಮ್ಮಣಿಯಕ್ಕ," ಎಂದಳು, ಸ್ವರ ಏರಿಸಿ. "ಆ ದಿನ ಕೋಣೆಯಲ್ಲಿ ಯಾರಿದ್ರು ಅಂತ ನನಗೆ ನೆನಪುಂಟು. ನಾನು ಇದ್ದೆ ಅಲ್ಲಿ. ಅಮ್ಮ ಮಂಚದಲ್ಲಿ ಮಲಗಿದ್ರು. ನಾನು ಅವನಿಗೆ ಹಾಲು ಕುಡಿಸ್ತಾ ಇದ್ದೆ, ಬೆಳ್ಳಿ ಬಟ್ಟಲಲ್ಲಿ, ಅವನು..."

ಅವನು ಸೀನಿದ.

ಹೊರಗೆ ಲಾರಿಯೊಂದು ಹಿಂದಕ್ಕೆ ಬರುತ್ತ ಕುಂಯ್ ಕುಂಯ್ ಎಂದು ಕೂಗುತ್ತಿತ್ತು. ಒಂದು ತೊಟ್ಟು ನೀರು ಸಹ ಇಲ್ಲ, ಎಂದಿದ್ದಳು ಅಮ್ಮ. ಆ ಮನೆಯಲ್ಲಿ ಹಾಲಿನ ಬಟ್ಟಲೇ ಇರಲಿಲ್ಲ. ಬಟ್ಟಲು ಬೆಚ್ಚಗಿತ್ತು ಎಂದು ಅವಳು ಬರೆದಿದ್ದಳು, ಎರಡನೆಯ ಪ್ಯಾರಾದಲ್ಲಿ, ಇಂಗ್ಲಿಷಿನಲ್ಲಿ ಆ ವಾಕ್ಯ ಬಹಳ ಚೆನ್ನಾಗಿ ಬಂದಿತ್ತು. ಬೆಚ್ಚಗಿದ್ದದ್ದು ಏನು? ಅರೆಗತ್ತಲಲ್ಲಿ ಬಟ್ಟಲಿನೊಳಗಿನದು ಬೆಳ್ಳಗಿತ್ತೆ? ಅವಳು ಎಷ್ಟು ಕಷ್ಟಪಟ್ಟರೂ ಬೆಳ್ಳಗೆ ಕಾಣಲಿಲ್ಲ. ಬೆರಳು ಜಾರುತ್ತಿತ್ತು. ಬೆರಳುಗಳ ನಡುವೆ, ಅಂಗಿಯ ಮುಂಭಾಗದಲ್ಲಿ, ಮಂಡಿಯ ಮೇಲೆ, ಎಲ್ಲೆಲ್ಲೂ ಜಿಡ್ಡು. ಮೂತಿಯನ್ನು ಅವನ ಬಾಯಿಗೆ ಇಟ್ಟದ್ದೆ? ಅಮ್ಮಣಿ ಎಲ್ಲಿಗೆ ಬಿಡುತ್ತಿದ್ದಳೋ ಅಲ್ಲಿಗೇ, ನೆತ್ತಿಗೆ, ಕಿವಿಗೆ, ಆಮೇಲೆ ಮೂಗಿಗೆ, ಒಂದು ಕಡೆ, ಇನ್ನೊಂದು ಕಡೆ, ಎಷ್ಟು ಸಲ ನೋಡಿದ್ದಳು ಮಣೆಯ ಮೇಲೆ ಕೂತು, ಎಲ್ಲ ಕ್ರಮವಾಗಿ, ಬಟ್ಟಲು ಖಾಲಿಯಾಗುವವರೆಗೆ. ಅವನು ಸೀನಿದ. ಅವಳು ನಕ್ಕಳು. ಮತ್ತೆ ಅವನು ಸೀನಲಿಲ್ಲ.

"ಅಯ್ಯೋ ದೇವರೇ," ಎಂದು ಯಾರೋ ಅಂದರು. ತಾನೇ ಅಂದದ್ದು ಎಂದು ಆಮೇಲೆ ಗೊತ್ತಾಯಿತು. ಅಮ್ಮಣಿ ಅಷ್ಟರಲ್ಲಿ ಅವಳ ಪಕ್ಕಕ್ಕೆ ಬಂದು, ಮಗುವಿಗೆ ನೀರು ನೆತ್ತಿಗೇರಿದಾಗ ಮಾಡುವ ಹಾಗೆ ಬೆನ್ನು ನೀವುತ್ತಿದ್ದಳು. "ಇಲ್ಲ ಮಗಾ, ಇಲ್ಲ, ಇಲ್ಲ. ಎಂತ ಇಲ್ಲ. ನಾನು ಹಾಕಿದ್ದು. ನಾನೇ ಹಾಕಿದ್ದು."

"ನೀವು ನೋಡಿದ್ದೀರಿ," ಎಂದಳು ಅಪೇಕ್ಷಾ.

ಅಮ್ಮಣಿ ಬೆನ್ನು ನೀವುವುದನ್ನು ನಿಲ್ಲಿಸಿದಳು. ಆಮೇಲೆ ನೆಲ ನೋಡುತ್ತ ಹೇಳಿದಳು. "ನಾನು ಬರುವಾಗ ಅವರೆಲ್ಲ ಮಗುವನ್ನು ಎತ್ತಿಕೊಂಡು ಕಾರು ಹತ್ತುವ ಗಡಿಬಿಡಿಯಲ್ಲಿದ್ರು. ನೀನು ಬಾಗಿಲಿನ ಹಿಂದೆ ನಿಂತಿದ್ದೆ. ಕೈಯಲ್ಲಿ ಬಟ್ಟಲು. ಅಂಗಿಯೆಲ್ಲ ಎಣ್ಣೆ. ನನ್ನನ್ನು ಕಂಡು, ನೋಡು ಅಮ್ಮಣಿಯಕ್ಕ, ನಾನೇ ಎಣ್ಣೆ ಹಾಕಿದೆ, ನೀವು ಬರ್ಲಿಲ್ಲ ಅಲ್ವಾ ಅಂತ ಹೇಳಿದಿ. ಎಂತ ಖುಷಿ ನಿನಗೆ. ನಿನ್ನ ಅಮ್ಮ ಆಚೆಯಿಂದ ಕೇಳಿಸಿಕೊಂಡ್ರು. ನಾವು ಇಬ್ಬರೂ ಒಂದು ಮಾತು ಆಡ್ಲಿಲ್ಲ. ನಾನು ಬಟ್ಟಲು ತೆಗೆದು ಸೊಂಟದಲ್ಲಿಟ್ಟೆ, ನಿನ್ನ ಅಂಗಿ ಬದಲಾಯಿಸಿದೆ, ಕೈ ತೊಳೆಸಿದೆ. ಆಮೇಲೆ ಆಸ್ಪತ್ರೆಯವರು, ಎಣ್ಣೆ ಯಾರು ಹಾಕುವುದು ಅಂತ ಕೇಳಿದ್ರಂತೆ. ಎಲ್ಲರೂ ನನ್ನ ಹೆಸರು ಹೇಳಿದ್ರು, ಹಿಂದಿನ ದಿನ ಬಿಟ್ಟದ್ದೇ ಹೆಚ್ಚಾಯಿತು ಅಂತ. ಸುಳ್ಳಲ್ವಲ್ಲ ಅದು, ಹಾಕುವುದು ನಾನೇ ಅಲ್ವಾ? ನಿನ್ನ ಅಜ್ಜಿ ಮನೆ ಎದುರಿನ ಜಾಲಿನಲ್ಲಿ ನಿಲ್ಲಿಸಿ ಬಯ್ಯುವಾಗ ರತ್ನಕ್ಕ ಬಾಗಿಲಿಗೆ ಬಂದು ನನ್ನ ಮುಖ ನೋಡಿದ್ರು. ಬಾಯಿ ತೆರೆಯುವವರಿದ್ದರು. ನಾನೇ ಬೇಡ ಅಂತ ಕಣ್ಣು ಮಾಡಿದೆ. ಐದು ವರ್ಷದ ಮಗು. ಅದು ಹೇಗೆ ಬದುಕುವುದು ಹೇಳು, ಅಂಥದ್ದನ್ನು ತಲೆ ಮೇಲೆ ಹೊತ್ತುಕೊಂಡು? ನನಗಾದರೆ ಅಷ್ಟು ಹೊತ್ತಿಗೆ ನಲವತ್ತೈದು ಕಳೆದಿತ್ತು."

ಹನ್ನೊಂದು ಮನೆ. ಹದಿನೆಂಟು ವರ್ಷದ ಬೀಜದ ಸೊನೆ. ಕಳ್ಳಿ ಎಂಬ ಹೆಸರು. ಅಪೇಕ್ಷಾಳಿಗೆ ಅಳು ಬರಬೇಕಿತ್ತು, ಬರಲಿಲ್ಲ. ಬದಲಿಗೆ ತರಗತಿಯಲ್ಲಿ ಕಣ್ಣೊರೆಸಿಕೊಂಡ ಆ ಹುಡುಗಿಯ ಮುಖ, ಮೂಗಿನ ತುದಿ ಕೆಂಪಾದದ್ದು, ಕಾಗದದ ಕರವಸ್ತ್ರವನ್ನು ಚೌಕವಾಗಿ ಮಡಚಿದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ ಬಂತು. ಅಮ್ಮಣಿ ಒಳಗೆ ಹೋಗಿ ಅಕ್ಕಿ ಡಬ್ಬದಲ್ಲಿ ಕೈಹಾಕಿ ಒಂದು ಬಟ್ಟೆಯ ಗಂಟು ತಂದಳು. ಬಿಚ್ಚಿದರೆ ಬಟ್ಟಲು. ಬೆಳ್ಳಿ ಕಪ್ಪಾಗಿತ್ತು, ಮೂತಿ ಒಂದು ಕಡೆ ಚಪ್ಪಟೆಯಾಗಿತ್ತು. ಎಷ್ಟು ಚಿಕ್ಕದು! ಮುಷ್ಟಿಯೊಳಗೆ ಮುಚ್ಚಿಹೋಗುವಷ್ಟು. "ಎಷ್ಟೋ ಸಲ ರತ್ನಕ್ಕನ ಕೈಯಲ್ಲಿ ಕೊಟ್ಟೆ, ಅವರು ಮುಟ್ಲಿಕ್ಕಿಲ್ಲ. ಇದನ್ನು ನಿನ್ನ ಕೈಯಿಂದಲೇ ತೆಗೆದದ್ದು ನಾನು," ಎಂದು ಅವಳ ಅಂಗೈಯಲ್ಲಿಟ್ಟಳು. ಆಮೇಲೆ ಫೈಲಿನಿಂದ ಒಪ್ಪಿಗೆ ಪತ್ರವನ್ನು ತಾನೇ ಎಳೆದುಕೊಂಡು, ಕಾರ್ಖಾನೆಯಲ್ಲಿ ಕಲಿತ ನಾಲ್ಕಕ್ಷರವನ್ನು ಗೆರೆಯ ಮೇಲೆ ಒತ್ತಿ ಒತ್ತಿ ಬರೆದಳು. "ಬೇಡ, ಬೇಡ ಅಮ್ಮಣಿಯಕ್ಕ," ಎಂದು ಅಪೇಕ್ಷಾ ಕೈ ಹಿಡಿದಳು. ಮುದುಕಿ ಕೊಸರಿಕೊಂಡಳು. "ಆಗಲೇ ಬರೆದಾಗಿದೆ ಅಲ್ವಾ ನಿನ್ನದು? ದೊಡ್ಡ ಓದು, ಹಾಳು ಮಾಡಬೇಡ. ನನ್ನದು ಇನ್ನೆಂತ ಹೋಗ್ಲಿಕ್ಕೆ ಉಂಟು?"

ಬಸ್ಸಿನಲ್ಲಿ ಹೇಗೆ ಬಂದಳೋ, ಹಂಪನಕಟ್ಟೆಯಲ್ಲಿ ಹೋಟೆಲಿನ ಎದುರೇ ನಿಂತು ಬಸ್ಸು ಕಾದಳೋ, ಅವಳಿಗೆ ಗೊತ್ತಿಲ್ಲ. ಕುಲಶೇಖರದಲ್ಲಿ ಇಳಿಯುವಾಗ ಜೊಕಿಮ್ ಏನೋ ಕೇಳಿದ, ಅವಳು ಏನೋ ಹೇಳಿದಳು. ಸಹಿ ಬಿದ್ದ ಪ್ರತಿ ಚೀಲದಲ್ಲಿತ್ತು. ಇದನ್ನು ಕಳಿಸಿದರೆ ಆಯಿತು. ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಿರುವ ಇಬ್ಬರೂ ಸಾಯುವವರೆಗೆ ಬಾಯಿ ಬಿಡುವವರಲ್ಲ. ಪಪ್ಪನಿಗಂತೂ ಗೊತ್ತಾಗಬಾರದು, ಸತ್ತುಹೋದ ಮಗನ ಹೆಸರೆತ್ತಿದರೆ ಈಗಲೂ ಎದ್ದು ಹೊರಗೆ ಹೋಗುವ ಮನುಷ್ಯ ಅವರು. ಹೀಗೆ ತಾನು ಲೆಕ್ಕ ಹಾಕುತ್ತಿದ್ದೇನೆ ಎಂದು ತಿಳಿದಾಗ ಅವಳಿಗೆ ತನ್ನ ಮೇಲೆ ಹುಟ್ಟಿದ ಹೇಸಿಗೆ ಅಷ್ಟಿಷ್ಟಲ್ಲ. ಐದು ವರ್ಷದವಳಿಗೆ ಗೊತ್ತಿರಲಿಲ್ಲ, ಸರಿ. ಈಗ ಲೆಕ್ಕ ಹಾಕುತ್ತಿರುವವಳಿಗೆ ಇಪ್ಪತ್ತೈದು.

ಮನೆಯಲ್ಲಿ ಒಳಕೋಣೆಯ ನೆಲ ಒರೆಸಿ ಎಲೆ ಹಾಕಿ ಆಗಿತ್ತು. ಕೋಳಿ ಸಾರು, ರೊಟ್ಟಿ, ಅಜ್ಜನ ಎಲೆಗೆ ವೀಳ್ಯ. ದೀಪ ಹಚ್ಚಿದ್ದರು. ಬಡಿಸಿ ಮುಗಿದ ಮೇಲೆ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲಬೇಕು; ಸತ್ತವರು ಬಂದು ಉಂಡು ಹೋಗುವಷ್ಟು ಹೊತ್ತು ಯಾರೂ ಸ್ವರ ಎತ್ತಬಾರದು. ಅಮ್ಮ ತುಂಡು ಎಲೆಗೆ ಸಕ್ಕರೆ ಇಡುತ್ತಿದ್ದಳು. ಹಾಲಿನ ಸ್ಟೀಲು ಲೋಟ ಪಕ್ಕದಲ್ಲಿತ್ತು. ಪಪ್ಪ ಚಿತ್ತರಂಜನರು ಮಿಂದು, ಬಿಳಿ ಪಂಚೆ ಉಟ್ಟು, ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದರು. "ಎಷ್ಟು ಹೊತ್ತು ಮಾರಾಯ್ತಿ ಜೆರಾಕ್ಸಿಗೆ?" ಎಂದು ಅಮ್ಮ ತಲೆಯೆತ್ತದೆ ಗೊಣಗಿದಳು.

ಅಪೇಕ್ಷಾ ಒಳಗೆ ಹೋದಳು. ತುಂಡು ಎಲೆಯ ಮುಂದೆ ಕೂತು, ಚೀಲದಿಂದ ಬಟ್ಟಲು ತೆಗೆದು ನೆಲದ ಮೇಲಿಟ್ಟಳು. ಬೆಳ್ಳಿ ನೆಲಕ್ಕೆ ತಾಗಿ ಸಣ್ಣದೊಂದು ಸದ್ದಾಯಿತು. ಸಕ್ಕರೆ ಇಡುತ್ತಿದ್ದ ಅಮ್ಮನ ಕೈ ಅಲ್ಲೇ ನಿಂತಿತು. ಅವಳು ಬಟ್ಟಲು ನೋಡಿದಳು, ಆಮೇಲೆ ಮಗಳನ್ನು. ಆ ಮುಖವನ್ನು ಅಪೇಕ್ಷಾ ಹುಟ್ಟಿದಂದಿನಿಂದ ಕಂಡಿರಲಿಲ್ಲ. ಒಂದೇ ಗಳಿಗೆಯಲ್ಲಿ ರಕ್ತವೆಲ್ಲ ಬತ್ತಿ, ಹೆದರಿಕೆಯೊಂದೇ ಉಳಿದ ಮುಖ. "ಅಮ್ಮಣಿ ಹೇಳಿದಳಾ?" ಎಂದು ತುಟಿಯಲ್ಲಷ್ಟೇ ಕೇಳಿದಳು.

"ಇಲ್ಲ," ಎಂದಳು ಅಪೇಕ್ಷಾ. "ನನಗೇ ನೆನಪಾದದ್ದು. ಅವರು ಈಗಲೂ ತಾನೇ ಹಾಕಿದ್ದು ಅಂತ ಹೇಳ್ತಾರೆ. ಸಹಿ ಮಾಡಿ ಕೊಟ್ಟಿದ್ದಾರೆ."

ಪಪ್ಪ ಎರಡು ಹೆಜ್ಜೆ ಮುಂದೆ ಬಂದರು, ಬಗ್ಗಿ ದೀಪದ ಬೆಳಕಿನಲ್ಲಿ ನೋಡಿದರು. "ಇದು ನಮ್ಮ ಬಟ್ಟಲಲ್ವಾ? ಆ ಕಳ್ಳಿ ಕೊಂಡುಹೋದದ್ದು! ಎಲ್ಲಿ ಸಿಕ್ಕಿತು ನಿನಗೆ?"

ಅಮ್ಮ ಅವರ ಬೆನ್ನ ಹಿಂದಿನಿಂದ ತಲೆ ಅಲ್ಲಾಡಿಸುತ್ತಿದ್ದಳು, ಬೇಡ, ಬೇಡ, ಬೇಡ ಎಂದು, ಸಕ್ಕರೆ ಅಂಟಿದ ಬೆರಳು ತುಟಿಗೆ ಒತ್ತಿಕೊಂಡು. ಇಪ್ಪತ್ತು ವರ್ಷ ಬಸ್ಸು ಬದಲಾಯಿಸಿ ಬದಲಾಯಿಸಿ ಕಾಪಾಡಿದ್ದು ಇದನ್ನೇ.

"ಅವರು ಕಳ್ಳಿ ಅಲ್ಲ ಪಪ್ಪ," ಎಂದಳು ಅಪೇಕ್ಷಾ. "ಅವತ್ತು ಅವರು ಬಂದೇ ಇರ್ಲಿಲ್ಲ. ನಾಲ್ಕು ಗಂಟೆಗೆ ಇದು ನನ್ನ ಕೈಯಲ್ಲಿತ್ತು."